ಬೆಣ್ಣೆ ವಾಸನೆಯ ಬಿಯರ್

ಬರ್ನಡೆಟ್ ಸ್ಲಾವಿಕ್‌ಳ ಮೂಗಿನ ಬಗ್ಗೆ ಮಿಲ್ವಾಕಿಯ ದಕ್ಷಿಣದ ಬೀದಿಗಳಲ್ಲಿ ಯಾರನ್ನು ಕೇಳಿದರೂ ಒಂದು ಕಥೆ ಹೇಳುತ್ತಿದ್ದರು. ಅವಳ ಅಪ್ಪ ಸಾಸೇಜ್ ಅಂಗಡಿಯಲ್ಲಿ ಮಾಂಸ ಅರೆಯುತ್ತಿದ್ದವನು. ಎಂಟು ವರ್ಷದ ಮಗಳ ಕಣ್ಣಿಗೆ ಟವೆಲ್ ಕಟ್ಟಿ, ಮೂಗಿನ ಮುಂದೆ ಒಂದೊಂದೇ ಮಸಾಲೆ ಹಿಡಿದು ಹೆಸರು ಹೇಳಿಸುತ್ತಿದ್ದ. ನಾವೆಲ್ಲ ಪ್ರಾರ್ಥನೆ ಬಾಯಿಪಾಠ ಮಾಡುತ್ತಿದ್ದ ವಯಸ್ಸಿನಲ್ಲಿ ಅವಳು ಜಾಯಿಪತ್ರೆ, ಮೆಣಸು, ಬೆಳ್ಳುಳ್ಳಿ ಎಂದು ಒಪ್ಪಿಸುತ್ತಿದ್ದಳು. ಹತ್ತೊಂಬತ್ತಕ್ಕೆ ಬೇಸ್‌ಬಾಲ್ ಮೈದಾನದ ಅಡುಗೆಮನೆಗೆ ಈರುಳ್ಳಿ ಹೆಚ್ಚಲು ಸೇರಿದಳು. ನಲವತ್ತು ವರ್ಷಗಳಲ್ಲಿ ಆ ಅಡುಗೆಮನೆಗೇ ಯಜಮಾನಿಯಾದಳು. ನಡುವೆ ಒಂದು ಮದುವೆ ಆಗಿ ಮುರಿದುಹೋಯಿತು. ಅದರ ಬಗ್ಗೆ ಹೇಳಲು ಅವಳಿಗೇ ಹೆಚ್ಚೇನೂ ಇರಲಿಲ್ಲ.

ಪ್ರತಿ ಮಾರ್ಚ್ ಕೊನೆಗೆ, ಆಟಗಳು ಶುರುವಾಗುವ ಮೊದಲು, ಊರಿನ ಸಣ್ಣ ಬಿಯರ್ ತಯಾರಕರೆಲ್ಲ ತಮ್ಮ ತಮ್ಮ ಬಿಯರ್ ಹೊತ್ತು ಮೈದಾನಕ್ಕೆ ಬರುತ್ತಾರೆ. ಯಾವ ಬಿಯರ್ ಬೆಂದ ಸಾಸೇಜಿಗೆ, ಯಾವುದು ಕರಿದ ಚೀಸಿಗೆ, ಯಾವುದು ಹುಳಿ ಬರಿಸಿದ ಎಲೆಕೋಸಿಗೆ ಎಂದು ಅಂದು ತೀರ್ಮಾನವಾಗುತ್ತದೆ. ತೀರ್ಮಾನಿಸುವವಳು ಬರ್ನಡೆಟ್. ಅವಳು ಮೊದಲು ಮೂಸಿ, ಒಂದು ಗುಟುಕು ಕುಡಿದು, ಒಂದು ತುತ್ತು ತಿಂದು, ಮತ್ತೊಂದು ಗುಟುಕು ಕುಡಿದು ಲೋಟ ಕೆಳಗಿಡುವವರೆಗೆ ಉಳಿದವರು ತುಟಿ ಬಿಚ್ಚುವಂತಿಲ್ಲ. ಮ್ಯಾನೇಜರ್ ಕೂಡ ಬಾಯಿ ಮುಚ್ಚಿಕೊಂಡು ಅವಳ ಮುಖ ನೋಡುತ್ತಿರಬೇಕು. ವರ್ಷದಲ್ಲಿ ಆ ಒಂದು ಮಧ್ಯಾಹ್ನ ಅವಳು ಮಹಾರಾಣಿ. ಮಿಕ್ಕ ದಿನವೆಲ್ಲ ಎಣ್ಣೆ ಮೆತ್ತಿದ ಏಪ್ರನ್ನಿನ ಹೆಂಗಸು.

ಕಳೆದ ಡಿಸೆಂಬರಿನಲ್ಲಿ ಚರ್ಚಿನ ಮೆಟ್ಟಿಲ ಮೇಲಿನ ಮಂಜುಗಡ್ಡೆಯಲ್ಲಿ ಜಾರಿ ಬಿದ್ದು ಅವಳ ತಲೆಯ ಹಿಂಭಾಗಕ್ಕೆ ಏಟಾಯಿತು. ಗಾಯ ಹತ್ತು ದಿನದಲ್ಲಿ ಮಾಯಿತು. ಆದರೆ ಕಾಫಿ ಬಿಸಿನೀರಿನಂತಾಯಿತು, ಸಾಸೇಜ್ ಬರೀ ಉಪ್ಪಾಯಿತು. ಮೂಗಿನ ನರ ಹರಿದಿದೆ, ಮತ್ತೆ ಕೂಡಿಕೊಂಡರೂ ಕೂಡಿಕೊಳ್ಳಬಹುದು ಎಂದು ಡಾಕ್ಟರು ಹೇಳಿದರು. ನಾಲಿಗೆಗೆ ಉಪ್ಪು, ಸಿಹಿ, ಕಹಿ, ಹುಳಿ ಮಾತ್ರ ಉಳಿದಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಆ ಒಂದು ಮಧ್ಯಾಹ್ನ ಬೇರೆಯವರ ಪಾಲಾಗುತ್ತಿತ್ತು. ಅದು ಹೋದರೆ ಅವಳ ಬಳಿ ಉಳಿಯುವುದು ಎಣ್ಣೆ ಮೆತ್ತಿದ ಏಪ್ರನ್ ಮಾತ್ರ.

ಮಾರ್ಚ್ ಬಂತು. ಎಂಟರಲ್ಲಿ ಏಳು ಹಳೆಯ ಬಿಯರ್‌ಗಳು, ಅವುಗಳ ರುಚಿ ಅವಳ ನೆನಪಿನಲ್ಲಿತ್ತು. ಹೊಸದು ಒಂದೇ, ಆರ್ಲೋ ಟೆಶ್ನರ್‌ನ ಲಾಗರ್ ಎಂಬ ತಿಳಿ ಬಿಯರ್. ಆರ್ಲೋ ಅವಳ ಜೊತೆ ಶಾಲೆಗೆ ಹೋದವನು, ಮೂವತ್ತು ವರ್ಷ ಲಾರಿ ಓಡಿಸಿ ಈಗ ಗ್ಯಾರೇಜಿನಷ್ಟು ಜಾಗದಲ್ಲಿ ಬಿಯರ್ ಮಾಡುತ್ತಿದ್ದ. ರುಚಿ ನೋಡುವ ಮೊದಲು ಅವಳನ್ನು ಅಡುಗೆಮನೆಯ ಮೂಲೆಗೆ ಕರೆದು ಒಂದು ಲೋಟ ಕೈಗಿತ್ತ.

"ಬರ್ನಿ, ನಿಜ ಹೇಳು. ಬೆಣ್ಣೆ ವಾಸನೆ ಹೊಡೀತಿದ್ಯಾ? ನನಗ್ಯಾಕೋ ಅನುಮಾನ. ಇನ್ನೊಂದು ವಾರ ಟ್ಯಾಂಕಲ್ಲಿ ಬಿಟ್ರೆ ಹೋಗ್ಬಿಡುತ್ತೆ, ಆದ್ರೆ ಮೊದಲ್ನೇ ಆಟಕ್ಕೆ ಸಿಗಲ್ಲ. ನೀನು ಬೇಡ ಅಂದ್ರೆ ಈಗ್ಲೇ ವಾಪಸ್ ತಗೊಂಡ್ ಹೋಗ್ತೀನಿ."

ಅವಳು ಮೂಗನ್ನು ಲೋಟಕ್ಕಿಳಿಸಿದಳು. ಏನೂ ಇಲ್ಲ. ಗುಟುಕು ಕುಡಿದಾಗ ನಾಲಿಗೆಯ ಮೇಲೆ ಬೆಣ್ಣೆಯಂಥ ಜಿಡ್ಡು ಜಾರಿದಂತಾಯಿತು. ಜಾರಿದ್ದು ಅವಳಿಗೆ ಗೊತ್ತಾಯಿತು. ಅದನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ತನಗೇನೂ ಗೊತ್ತಾಗಲಿಲ್ಲ ಎಂದು ಆಮೇಲೆ ಅವಳು ತನಗೆ ತಾನೇ ಎಷ್ಟೋ ಸಲ ಹೇಳಿಕೊಂಡಳು.

"ನಿನ್ನ ಮೂಗು ಲಾರಿ ಹೊಗೆ ಕುಡಿದು ಕೆಟ್ಟಿದೆ ಕಣೋ," ಅಂದಳು. "ಚೊಕ್ಕವಾಗಿದೆ. ಕಳಿಸು."

ಅವನು ನಂಬಿದ. ಹೊರಗಿನ ಮೇಜಿನಲ್ಲಿ ಅವಳು ಅದೇ ಬಿಯರನ್ನು ಸಾಸೇಜಿಗೆ ಜೋಡಿಸಿ ಲೋಟ ಕೆಳಗಿಟ್ಟಳು. ಒಬ್ಬಿಬ್ಬರು ಹುಬ್ಬು ಗಂಟಿಕ್ಕಿದರು. ಆದರೆ ಬರ್ನಡೆಟ್ ಸರಿ ಎಂದ ಮೇಲೆ ತಮ್ಮ ಮೂಗನ್ನು ಯಾರು ನಂಬುತ್ತಾರೆ? ಎಲ್ಲರೂ ಸರಿ ಎಂದು ತಲೆಯಾಡಿಸಿದರು.

ಏಪ್ರಿಲಿನ ಮೊದಲ ಆಟದ ದಿನ ಬಿಸಿಲಿದ್ದೂ ಕೈ ಸೆಟೆಯುವ ಚಳಿ. ಆರ್ಲೋ ಹೊಸ ಟೋಪಿ ಹಾಕಿಕೊಂಡು ತನ್ನ ಬಿಯರ್ ನಲ್ಲಿಯ ಪಕ್ಕ ನಿಂತಿದ್ದ. ಜನ ಸಾಸೇಜ್ ಕಚ್ಚಿ, ಬಿಯರ್ ಕುಡಿದು, ಲೋಟದೊಳಗೆ ಇಣುಕಿ ನೋಡಿದರು. ಸಿನಿಮಾ ಟಾಕೀಸಿನ ಪಾಪ್‌ಕಾರ್ನ್ ಕುಡಿದಂಗಿದೆ ಎಂದು ಒಬ್ಬ ನಕ್ಕ. ಆ ಮಾತು ಸಾಲಿನಿಂದ ಸಾಲಿಗೆ ಹತ್ತಿತು. ಒಂಬತ್ತು ಇನಿಂಗ್ಸ್‌ಗಳ ಆಟದಲ್ಲಿ ಮೂರನೆಯದರ ಹೊತ್ತಿಗೆ ಕಸದ ಡಬ್ಬಿಗಳಲ್ಲಿ ಹಳದಿ ಬಿಯರ್ ನಿಂತಿತ್ತು. ಐದನೆಯದಕ್ಕೆ ಮ್ಯಾನೇಜರ್ ಬಂದು, ಈ ವರ್ಷಕ್ಕೆ ಸಾಕು, ಮುಂದಿನದು ಆಮೇಲೆ ನೋಡೋಣ ಎಂದು ಆರ್ಲೋನ ಹೆಗಲು ತಟ್ಟಿ ಹೋದ. ಆ 'ಆಮೇಲೆ' ಎಂಬುದರ ಅರ್ಥ ಮೈದಾನದಲ್ಲಿ ಎಲ್ಲರಿಗೂ ಗೊತ್ತು.

ಬರ್ನಡೆಟ್ ಏಪ್ರನ್ ಬಿಚ್ಚಿಟ್ಟು ಅವನ ಬಳಿ ಹೋದಳು. ಮೆಟ್ಟಿಲು, ಏಟು, ಡಾಕ್ಟರು, ನಾಲ್ಕು ತಿಂಗಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಜಿಡ್ಡಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವನು ಬೈದರೆ ಸಾಕಿತ್ತು. ಅವನು ನಲ್ಲಿ ಒರೆಸುತ್ತಲೇ ಇದ್ದ.

"ಡಿಸೆಂಬರಿಂದಾನಾ?" ಎಂದು ಕೊನೆಗೆ ಕೇಳಿದ.

"ಹೂಂ."

"ಹಂಗಾದ್ರೆ ಫೆಬ್ರವರೀಲಿ ಮೊದಲ್ನೇ ಬಾಟ್ಲಿ ತಂದು ಕೊಟ್ನಲ್ಲ ನಿನ್ ಮನೆಗೆ. ಆ ಸಲ ಆಗಿದ್ದೇ ಅದೊಂದು ಬಾಟ್ಲಿ, ನಾನೂ ಬಾಯಿಗಿಟ್ಟಿರ್ಲಿಲ್ಲ. ಜೀವಮಾನದಲ್ಲೇ ಇಂಥದ್ದು ಕುಡಿದಿಲ್ಲ ಅಂದೆ ನೀನು. ನಾನು ಕಾರಲ್ಲಿ ಕೂತು ಅತ್ತಿದ್ದೆ ಅವತ್ತು." ಅವನು ಬಟ್ಟೆ ಮಡಚಿ ಪಕ್ಕಕ್ಕಿಟ್ಟ. "ಇದು ಹಾಳಾಯ್ತು, ಹೋಗ್ಲಿ. ಅದು ಚೆನ್ನಾಗಿತ್ತಾ ಬರ್ನಿ? ಅಷ್ಟ್ ಹೇಳು ಸಾಕು."

ಆ ಬಾಟಲಿಯಲ್ಲಿದ್ದುದನ್ನು ಕುಡಿದವಳು ಈ ಭೂಮಿಯ ಮೇಲೆ ಅವಳೊಬ್ಬಳೇ.

"ಗೊತ್ತಿಲ್ಲ ಆರ್ಲೋ," ಅಂದಳು.