ಕಂಬದಕೋಣೆಯೊಳಗಿನ ಶಬ್ದಗಳು

ನನ್ನ ಅಪ್ಪಯ್ಯ ಬಸ್ ಕಂಡಕ್ಟರ್ ಆಗಿದ್ದರು. ಬೈಂದೂರಿನಿಂದ ಹೊರಟು ಕುಂದಾಪುರ ದಾಟಿ ಬ್ರಹ್ಮಾವರದವರೆಗೆ ಹೋಗಿ ಬರುವ ಖಾಸಗಿ ಬಸ್ಸಿನ ಬಾಗಿಲಲ್ಲಿ ಅವರ ಅರ್ಧ ಆಯುಷ್ಯ ಕಳೆಯಿತು. "ಹ್ವಾಯ್, ಹಿಂದ್ ಬನ್ನಿ, ಹಿಂದ್ ಜಾಗ ಇತ್ತ್" ಎಂದು ಅವರು ಒಮ್ಮೆ ಕೂಗಿದರೆ ಡ್ರೈವರನ ಬೆನ್ನ ಹಿಂದೆ ತೂಕಡಿಸುತ್ತಿದ್ದವರೂ ಎದ್ದು ಹಿಂದಕ್ಕೆ ನಡೆಯುತ್ತಿದ್ದರು. ಮನೆಯಲ್ಲೂ ಅದೇ ಗಂಟಲು. ಮೆತ್ತಗೆ ಮಾತಾಡಿ ಎಂದು ಅಮ್ಮ ಹೇಳಿ ಹೇಳಿ ಸೋತಿದ್ದಳು.

ಬಿಡುವು ಸಿಕ್ಕಿದಾಗೆಲ್ಲ ಅಪ್ಪಯ್ಯನೂ ನಾನೂ ಒಂದು ಆಟ ಆಡುತ್ತಿದ್ದೆವು. ಅವರು ತಮ್ಮ ದಾರಿಯ ಒಂದು ಊರಿನ ಹೆಸರು ಹೇಳಬೇಕು. ಆ ಹೆಸರಿನ ಅಕ್ಷರಗಳನ್ನು ಹೇಗೆ ಬೇಕಾದರೂ ತಿರುಗಿಸಿ ಮುರುಗಿಸಿ ಇಬ್ಬರೂ ಶಬ್ದ ಹುಡುಕಬೇಕು. ಯಾರಿಗೆ ಹೆಚ್ಚು ಸಿಗುತ್ತದೋ ಅವರು ಗೆದ್ದಂತೆ. ಕುಂದಾಪುರದಲ್ಲಿ ಪುರ ಎಲ್ಲರಿಗೂ ಕಾಣುತ್ತದೆ, ದಾರ ಕಾಣಬೇಕಾದರೆ ಸ್ವಲ್ಪ ತಲೆ ಬೇಕು. ಬ್ರಹ್ಮಾವರದಲ್ಲಿ ವರ ಇದೆ, ತಿರುಗಿಸಿದರೆ ರವ. ಸಾಲಿಗ್ರಾಮದಲ್ಲಿ ಗ್ರಾಮದ ಜೊತೆ ಸಾಮ. ತಲ್ಲೂರಿನ ನಡುವಿನ ಅಕ್ಷರ ಎತ್ತಿದರೆ ತರು. ಬಾರಕೂರು ಅಂತೂ ಬಂಗಾರದಂಥ ಊರು: ಬಾ, ಕೂರು, ಬಾರು, ಇನ್ನೂ ಏನೇನೋ. ನಮ್ಮದೇ ಊರು ಬಿಜೂರಿನಲ್ಲಿ ಮಾತ್ರ ಹುಡುಕಿದರೂ ಏನೂ ಸಿಗುವುದಿಲ್ಲ. ಒಮ್ಮೆ ನಾನು ಅದರಲ್ಲಿ 'ರುಜು' ಇದೆ ಎಂದೆ. ಊರಿನ ಹೆಸರಿನಲ್ಲಿರುವುದು ಉದ್ದದ ಜೂ, ನಿನ್ನದು ಗಿಡ್ಡ, ಆಗುವುದಿಲ್ಲ ಎಂದರು ಅಪ್ಪಯ್ಯ. ಆಗ ನನಗೆ ಮೂವತ್ತು ದಾಟಿತ್ತು. ಆದರೂ ಸಂಜೆಯವರೆಗೆ ಅವರ ಹತ್ತಿರ ಮಾತು ಬಿಟ್ಟಿದ್ದೆ. ಸೋಲುವುದೆಂದರೆ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ.

ನನಗೆ ಮದುವೆಯಾಗಲಿಲ್ಲ. ಅದಕ್ಕೆ ಯಾರೂ ಮರುಗಬೇಕಾಗಿಲ್ಲ. ಬೈಂದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ರವಿಕೆ ಹೊಲಿಯುವ ಅಂಗಡಿ ಇದೆ, ಬಿಜೂರಿನ ಮನೆಯಲ್ಲಿ ಅಪ್ಪಯ್ಯ, ಅಮ್ಮ, ನಾನು ಮೂವರೂ ಚೆನ್ನಾಗಿಯೇ ಇದ್ದೆವು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಪ್ಪಯ್ಯ ಚಾ ಲೋಟ ಎತ್ತಲು ಹೋದರು, ಕೈ ಏಳಲಿಲ್ಲ. ಬಾಯಿ ಒಂದು ಬದಿಗೆ ಸರಿದಿತ್ತು. ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈಗೆ ಅರ್ಧ ಶಕ್ತಿ ಬಂದಿತ್ತು, ಕಾಲಿಗೆ ಪೂರ್ತಿ ಬಂದಿತ್ತು. ಮಾತು ಮಾತ್ರ ಒಂದೂ ಇರಲಿಲ್ಲ.

ನಾವು ಹೇಳಿದ್ದೆಲ್ಲ ಅವರಿಗೆ ಅರ್ಥವಾಗುತ್ತದೆ, ಓದಲೂ ಬರುತ್ತದೆ, ಹೇಳುವ ದಾರಿ ಮಾತ್ರ ಮುಚ್ಚಿದೆ ಎಂದರು ಮಾತಿನ ತರಬೇತಿ ಕೊಡುವ ಮೇಡಂ. ಮೈಸೂರು ಕಡೆಯ ಚಿಕ್ಕ ಪ್ರಾಯದ ಹುಡುಗಿ. ದಾರಿ ತೆರೆದರೂ ತೆರೆಯಬಹುದು, ಮೊದಲ ಆರು ತಿಂಗಳು ಬಹಳ ಮುಖ್ಯ ಎಂದು ಹೇಳಿ, ನಾವು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: "ಮನೆಯಲ್ಲಿ ಎಲ್ಲರೂ ಅವರ ಜೊತೆ ಸ್ಪಷ್ಟವಾಗಿ, ನಿಧಾನವಾಗಿ ಮಾತಾಡಿ. ಅರ್ಧಂಬರ್ಧ ಬೇಡ."

ಅಮ್ಮನೂ ನಾನೂ ಮುಖ ಮುಖ ನೋಡಿಕೊಂಡೆವು. ನಮ್ಮ ಕುಂದಾಪ್ರ ಕನ್ನಡ ಎಂದರೆ ಬಾಲ ಕತ್ತರಿಸಿದ ಮಾತು, 'ಇದೆ' ಎನ್ನಲು 'ಇತ್ತ್', 'ನೋಡೋಣ' ಎನ್ನಲು 'ಕಾಂಬ', ಹೊರಗಿನವರಿಗೆ ಅರ್ಧ ನುಂಗಿದಂತೆಯೇ ಕೇಳುವುದು. ಹಾಗಾದರೆ ಅದೇ ತಪ್ಪು ಎಂದು ನಾವಿಬ್ಬರೂ ತೀರ್ಮಾನ ಮಾಡಿದೆವು. ಆವತ್ತಿನಿಂದ ನಮ್ಮ ಮನೆಯಲ್ಲಿ ಪುಸ್ತಕದ ಕನ್ನಡ ಶುರುವಾಯಿತು.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಮ್ಮ ಟೀವಿಯ ವಾರ್ತೆ ಕೇಳಿ ಕೇಳಿ ಅಭ್ಯಾಸ ಮಾಡಿದಳು. ಗಂಜಿಯ ಬಟ್ಟಲು ಹಿಡಿದು ಅಪ್ಪಯ್ಯನ ಎದುರು ನೆಟ್ಟಗೆ ನಿಂತು, "ತಾವು ಈಗ ಗಂಜಿಯನ್ನು ಸೇವಿಸುತ್ತೀರಾ?" ಎಂದು ಕೇಳಿದಳು. ಅಪ್ಪಯ್ಯ ಕಣ್ಣು ಬಿಟ್ಟು ಅವಳನ್ನೇ ನೋಡಿದರು. ನಾನು ಅಂಗಡಿಗೆ ಹೊರಡುವಾಗ "ನಾನು ಹೋಗಿ ಬರುತ್ತೇನೆ" ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳುತ್ತಿದ್ದೆ. ಮನೆಯಲ್ಲಿ ಇಬ್ಬರು ಅಪರಿಚಿತರು ಸೇರಿಕೊಂಡಿದ್ದಾರೆ ಎಂಬಂತೆ ಅವರು ದಿನದಿಂದ ದಿನಕ್ಕೆ ಗೋಡೆಯ ಕಡೆ ಮುಖ ಮಾಡತೊಡಗಿದರು. ಒಂದು ದಿನ ಮೀನು ತರುವ ಹೆಂಗಸು ಅಂಗಳದಲ್ಲಿ ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ನಮ್ಮ ಮಾತು ಕೇಳಿದಳು.

"ಎಂತ ಆಯ್ತ್ ಅಮ್ಮ ನಿಮ್ಗೆ? ಟೀವಿಲಿ ಮಾತಾಡ್ದಂಗೆ ಮಾತಾಡ್ತ್ರಿ. ಹುಷಾರಿಲ್ದೆ ಇದ್ದದ್ ಅವ್ರಿಗಾ, ನಿಮ್ಗಾ?"

ನನಗೆ ಸಿಟ್ಟು ನೆತ್ತಿಗೇರಿತು. ಆವತ್ತು ಅವಳಿಂದ ಬಂಗುಡೆ ತೆಗೆದುಕೊಳ್ಳಲಿಲ್ಲ.

ಎರಡು ತಿಂಗಳ ಮೇಲೆ ತೋರಿಸಲು ಹೋದಾಗ ಅಮ್ಮ ಮೇಡಂ ಎದುರು ತನ್ನ ಹೊಸ ಕನ್ನಡ ಬಿಚ್ಚಿದಳು. ಆ ಹುಡುಗಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಮ್ಮನ ಕೈ ಹಿಡಿದುಕೊಂಡು, "ಅಯ್ಯೋ ಅಮ್ಮಾ, ನಾನು ಹೇಳಿದ್ದು ನಿಧಾನವಾಗಿ ಮಾತಾಡಿ ಅಂತ ಅಷ್ಟೇ. ನಿಮ್ಮ ಮಾತನ್ನೇ ಆಡಿ. ಅವರಿಗೆ ಬೇಕಾದ್ದು ಅದೇ" ಎಂದರು. ನಮಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು. ಮನೆಗೆ ಬಂದ ಮೇಲೆ ಅಮ್ಮ ಅಡಿಗೆಮನೆಯಿಂದ, "ಹ್ವಾಯ್, ಗಂಜಿ ಉಣ್ತ್ರಿಯಾ?" ಎಂದು ಕೂಗಿದಳು. ಅಪ್ಪಯ್ಯ ನಕ್ಕರು. ಸೊಟ್ಟ ಬಾಯಿಯಲ್ಲಿ ಆದರೂ ನಕ್ಕರು. ಮಾತು ಮಾತ್ರ ಬರಲಿಲ್ಲ.

ಆಗ ನನಗೆ ನಮ್ಮ ಆಟದ ನೆನಪಾಯಿತು. ಸೀರೆ ಫಾಲ್ಸಿನ ಪ್ಯಾಕೆಟ್ಟಿನೊಳಗೆ ಬರುವ ರಟ್ಟನ್ನು ಚೌಕ ಚೌಕ ಕತ್ತರಿಸಿ, ಒಂದೊಂದರ ಮೇಲೆ ಒಂದೊಂದು ಅಕ್ಷರ ದಪ್ಪಗೆ ಬರೆದೆ. ಅಂಗಡಿಯಿಂದ ಬಂದ ಮೇಲೆ ದಿನಾ ಒಂದು ಊರಿನ ಅಕ್ಷರ ಅವರ ಎದುರು ಹರಡುವುದು, ಅವರು ಎಡಗೈಯಲ್ಲಿ ಜೋಡಿಸುವುದು, ನಾನು ದೊಡ್ಡದಾಗಿ ಓದಿ ಹೇಳುವುದು. ನನಗೆ ಮೂರು ಶಬ್ದ ಕಂಡರೂ ಒಂದೇ ಕಂಡಂತೆ ಮಾಡುತ್ತಿದ್ದೆ. ಅವರು ಒಂದು ಜೋಡಿಸಿದರೆ ಚಪ್ಪಾಳೆ ತಟ್ಟುತ್ತಿದ್ದೆ. ಹುಟ್ಟಿದಾರಭ್ಯ ಯಾರಿಗೂ ಬಿಟ್ಟುಕೊಡದವಳು ದಿನಾ ಸೋಲುತ್ತಿದ್ದೆ. ಅವರಿಗೆ ಖುಷಿಯಾಗಲಿ, ಖುಷಿಯಲ್ಲಿ ಒಂದು ಮಾತು ಬಂದರೂ ಬರಲಿ ಎಂಬ ಆಸೆ. ಆದರೆ ಗೆದ್ದಷ್ಟೂ ಅವರ ಮುಖ ಬಾಡುತ್ತಿತ್ತು. ಅದು ಕಾಯಿಲೆಯ ಆಯಾಸ ಎಂದು ನಾನು ತಿಳಿದೆ.

ಐದನೇ ತಿಂಗಳು ಮುಗಿಯುತ್ತಾ ಬಂತು. ಆರು ತಿಂಗಳು ಎಂದು ಮೇಡಂ ಹೇಳಿದ್ದು ನನ್ನ ತಲೆಯಲ್ಲಿ ಕುಟ್ಟುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಕಂಬದಕೋಣೆ ಹರಡಿದೆ. ಐದು ಅಕ್ಷರ. ಅಪ್ಪಯ್ಯ ಕಂಬ ಜೋಡಿಸಿದರು. ಅದನ್ನು ಕಲಸಿ ಕೋಣೆ ಜೋಡಿಸಿದರು. ನಾನು ಎರಡಕ್ಕೂ ಚಪ್ಪಾಳೆ ತಟ್ಟಿ, ನನಗೆ ಒಂದೂ ಸಿಗಲಿಲ್ಲ ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಹಳ ನಿಧಾನವಾಗಿ ಮೂರು ರಟ್ಟು ಸಾಲಾಗಿ ಇಟ್ಟರು.

ಣೆಬದ.

ಅಂಥ ಶಬ್ದ ಯಾವ ಕನ್ನಡದಲ್ಲೂ ಇಲ್ಲ. ಅಂಗನವಾಡಿಯ ಮಕ್ಕಳಿಗೂ ಅದು ಗೊತ್ತಾಗುತ್ತದೆ. ಪಾಪ, ತಲೆ ದಣಿದಿದೆ ಎಂದುಕೊಂಡು ನಾನು, "ಹೌದ್ ಅಪ್ಪಯ್ಯ, ಇದೂ ಆತ್ತ್. ಇವತ್ತೂ ನೀವೇ ಗೆದ್ದದ್" ಎಂದೆ.

ಅವರು ಎಡಗೈ ಎತ್ತಿ ಬೀಸಿದರು. ರಟ್ಟುಗಳು ಚೆಲ್ಲಾಪಿಲ್ಲಿಯಾಗಿ ಮಂಚದ ಕೆಳಗೆ ಬಿದ್ದವು. ಕುತ್ತಿಗೆಯ ನರ ಉಬ್ಬಿತು, ತುಟಿ ನಡುಗಿತು, ಗಂಟಲಿನಿಂದ ಏನೋ ಎದ್ದು ನಿಂತು, ತಡೆದು, ಮತ್ತೆ ಎದ್ದು ಹೊರಗೆ ಬಂತು.

"ಸುಳ್ಳ್."

ಇಷ್ಟು ದಿನ ನಾನು ಅವರನ್ನು ಏನೂ ತಿಳಿಯದವರಂತೆ ನಡೆಸಿಕೊಂಡಿದ್ದೆ, ಅದು ಅವರಿಗೆ ದಿನಾ ತಿಳಿಯುತ್ತಿತ್ತು. ನನ್ನನ್ನು ಪರೀಕ್ಷೆ ಮಾಡಲೆಂದೇ ಆ ಮೂರು ಅಕ್ಷರ ಇಟ್ಟಿದ್ದರು. ನಾಚಿಕೆಯೂ ಆಯಿತು, ಹೇಳಲಾರದಷ್ಟು ಸಂತೋಷವೂ ಆಯಿತು, ಎರಡೂ ಸೇರಿ ಅಳು ಬಂತು.

ಅಮ್ಮ ಬಟ್ಟೆ ತೊಳೆಯುವುದನ್ನು ಬಿಟ್ಟು ಒದ್ದೆ ಕೈಯಲ್ಲೇ ಓಡಿ ಬಂದಳು. "ಎಂತ ಆಯ್ತ್? ಮಾತಾಡ್ದದ್ ಯಾರ್?"

"ಅಪ್ಪಯ್ಯ ಅಮ್ಮ. ಅಪ್ಪಯ್ಯ ನಂಗ್ ಬೈದ್ರ್."

ಅಮ್ಮ ನನ್ನನ್ನು ನೋಡಿದಳು, ಅವರನ್ನು ನೋಡಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಮಂಚದ ಹತ್ತಿರ ನೆಲದ ಮೇಲೆ ಕೂತು, ಅವರ ಮುಖಕ್ಕೆ ಮುಖ ತಂದಳು.

"ಹ್ವಾಯ್, ನಂಗೂ ಒಂದ್ಸಲ ಬೈದ್ ಬಿಡಿ ಕಾಂಬ" ಎಂದಳು.