ಮೆಲಾಂತೊ ಹಡಗಿನ ಬಡಗಿ

ನನ್ನ ಗಂಡ ಓಬೆಡ್ ಪೆಲ್ ರಾಜನ ನೌಕಾಪಡೆಯಲ್ಲಿ ಬಡಗಿ. ಚಾಟಂ ಬಂದರಿನಲ್ಲಿ ಮೆಲಾಂತೊ ಎಂಬ ಯುದ್ಧದ ಹಡಗು ಕಟ್ಟುವಾಗ ಓಕ್ ಹಲಗೆ ಹೊಡೆದವನು. ಅದು ನೀರಿಗಿಳಿದಾಗ ಅವನನ್ನೇ ಅದರ ಬಡಗಿ ಮಾಡಿದರು. ಕಪ್ತಾನರು ಬರುತ್ತಾರೆ, ಹೋಗುತ್ತಾರೆ. ಬಡಗಿ ಹೋಗುವಂತಿಲ್ಲ. ಹಡಗನ್ನು ಒಡೆದು ಹಾಕುವ ತನಕ ಅವನು ಅದಕ್ಕೇ ಸೇರಿದವನು.

ಫ್ರೆಂಚರ ಗುಂಡು ಮಾಡಿದ ತೂತುಗಳಿಗೆ ಬೆಣೆ ಹೊಡೆಯುತ್ತ ಎರಡು ಬೆರಳು ಕಳೆದುಕೊಂಡ. ಯುದ್ಧ ಮುಗಿದು ನಾವಿಕರೆಲ್ಲ ಮನೆ ಸೇರಿದರು. ಹಡಗನ್ನು ಮೆಡ್‌ವೇ ನದಿಯಲ್ಲಿ ಸರಪಳಿ ಹಾಕಿ ನಿಲ್ಲಿಸಿದರು. ಕಾಯಲು ಓಬೆಡ್, ಅವನ ಜೊತೆ ನಾನು. ಅಲ್ಲೇ ಅಡುಗೆ, ಅಲ್ಲೇ ಒಗೆತ. ಬಟ್ಟೆ ಒಣಗಿದ್ದೇ ಇಲ್ಲ. ದಡದಲ್ಲಿ ನನ್ನ ತಂಗಿಯ ಮನೆಯ ಹೊಗೆ ಕಾಣುತ್ತಿತ್ತು. ಹೋಗಬೇಕೆಂದರೆ ಅಪ್ಪಣೆ ಬೇಕು.

ಅವನಿಗೆ ಕೆಮ್ಮು ಹತ್ತಿತು. ಈ ತೇವ ಬಿಟ್ಟು ದಡಕ್ಕೆ ಹೋಗದಿದ್ದರೆ ಉಳಿಯುವುದಿಲ್ಲ ಎಂದು ವೈದ್ಯ ಹೇಳಿದ. ಬಿಡುಗಡೆ ಕೇಳಿದರೆ, ಇನ್ನೂ ಸುತ್ತಿಗೆ ಎತ್ತುತ್ತೀಯಲ್ಲ ಎಂದರು ಮೇಲಿನವರು.

ಆಗ ಹಡಗಿನ ಪರೀಕ್ಷೆಗೆ ಅಧಿಕಾರಿ ಬರುವ ಸುದ್ದಿ ಬಂತು. ಓಬೆಡ್‌ಗೆ ಹೋದ ಜೀವ ಬಂದಂತಾಯಿತು.

"ಈ ಹಡಗು ಮುದುಕಿ ಒಳಗೆಲ್ಲ ಲಡ್ಡಾಗಿದಾಳೆ ಹೆಸ್ಟರ್. ಅದನ್ನ ತೋರಿಸಿದ್ರೆ ಸಾಕು, ಒಡೆದು ಸೌದೆ ಮಾಡ್ತಾರೆ. ನಾವು ಪಾರು."

"ಮುದುಕಿ ಮೇಲೆ ಚಾಡಿ ಹೇಳೋಕೆ ನಾಚಿಕೆ ಆಗಲ್ವಾ?"

"ನಿನ್ ಮೇಲೆ ಹೇಳ್ತಿಲ್ವಲ್ಲ, ಸುಮ್ನಿರು."

ಅಧಿಕಾರಿ ಬಂದ. ಎಲ್ಲೆಲ್ಲಿ ಕೊಳೆತಿತ್ತೋ ಅಲ್ಲೆಲ್ಲ ಓಬೆಡ್ ಬೈರಿಗೆಯಿಂದ ಕೊರೆದು ತೋರಿಸಿದ. ಒದ್ದೆ ನಶ್ಯದಂಥ ಹುಡಿ ಉದುರಿತು. ಇದು ಇನ್ನು ಸಮುದ್ರಕ್ಕಾಗದು ಎಂದು ಅಧಿಕಾರಿ ಹೇಳಿ ಹೋದ. ಆ ಸಂಜೆ ಹಂದಿಮಾಂಸ ಹುರಿದು ಬಿಯರ್ ಕುಡಿದೆವು. ನಾನು ಪೆಟ್ಟಿಗೆಯನ್ನೂ ಕಟ್ಟಿದೆ.

ಆಳುಗಳು ಬಂದು ಹಾಯಿಕಂಬಗಳನ್ನು ಕಿತ್ತರು. ಹಡಗನ್ನು ಒಡೆಯಲಿಲ್ಲ. ಸಮುದ್ರಕ್ಕಾಗದ್ದು ಕೈದಿಗಳನ್ನು ಕೂಡಿಹಾಕಲು ಆಗುತ್ತದಂತೆ. ಕೆಸರಲ್ಲಿ ನಿಲ್ಲಲು ಗಟ್ಟಿಮರ ಯಾಕೆ? ಫಿರಂಗಿ ಇಡುತ್ತಿದ್ದ ಕಿಂಡಿಗಳಿಗೆಲ್ಲ ಕಬ್ಬಿಣದ ಸರಳು ಕೂರಿಸಬೇಕಿತ್ತು. ಓಬೆಡ್ ಒಳಗೇ ನಿಂತು ಕೂರಿಸಿದ.

ಕೈದಿಗಳನ್ನು ತಂದು ತುಂಬಿದರು. ಅವರಲ್ಲೊಬ್ಬ ಇವನನ್ನು ಕೇಳಿದನಂತೆ: "ನಂಗೆ ಏಳು ವರ್ಷ. ನಿಂಗೆಷ್ಟು ಹಾಕಿದಾರೆ, ಅಣ್ಣ?"

ಬಂದು ನನಗೆ ಹೇಳಿದ. ನಗಲು ಹೋಗಿ ಕೆಮ್ಮಿದ.

ಚಳಿಗಾಲ ಕಳೆಯುವ ಮೊದಲೇ ಸತ್ತ.

ಮಣ್ಣು ಮಾಡಿದ ಮರುದಿನವೇ ಹೊಸ ಬಡಗಿ ಬಂದ, ಕೋಣೆ ಬಿಡಬೇಕಾಯಿತು. ಅವನ ಹೆಂಡತಿ ಇನ್ನೂ ಹುಡುಗಿ. ಗಂಟು ಕೆಳಗಿಡದೆ ನಿಂತಿದ್ದಳು.

"ಇಲ್ಲಿ ಎಷ್ಟು ದಿನ ಇರ್ಬೇಕಾಗತ್ತಮ್ಮ?" ಎಂದಳು.

ಒಲೆಯ ಬಾಗಿಲು ಸಡಿಲ, ಒತ್ತಿ ಹಾಕು ಎಂದು ದೋಣಿಗಿಳಿದೆ.