ಪಕ್ಕದೂರಿನ ಹೊಸ ಮೇಡಂ

ಗಾರ್ಮೆಂಟ್ಸ್ ಫ್ಯಾಕ್ಟರಿಯ ಬಸ್ಸು ಮಾಗಡಿ ಕಡೆಯ ಹಳ್ಳಿಗಳಿಗೂ ಬರತೊಡಗಿದ ಕಾಲ. ಕೆಲಸಕ್ಕೆ ಸೇರಬೇಕೆಂದು ಹೆಂಗಸರು ನನ್ನ ಸಂಜೆ ತರಗತಿಗೆ ಅಕ್ಷರ, ಲೆಕ್ಕ ಕಲಿಯಲು ಬರುತ್ತಿದ್ದರು. ಬರಬರುತ್ತ ಚಾಪೆಗಳು ಖಾಲಿಯಾದವು. ಉಳಿದವರನ್ನು ಕೇಳಿದರೆ, "ಪಕ್ಕದೂರಿಗೆ ಹೊಸ ಮೇಡಂ ಬಂದವ್ರೆ ಕಣಕ್ಕ, ಎಲ್ಲಾ ಅಲ್ಲಿಗೆ ಹೋಯ್ತಾವ್ರೆ" ಎಂದರು. ನನ್ನ ಮಗಳ ವಯಸ್ಸಿನವಳಂತೆ. ಮೈಯೆಲ್ಲ ಉರಿಯಿತು.

ಮರುದಿನ ನನ್ನ ತರಗತಿಗೆ ರಜೆ ಕೊಟ್ಟು, ತಲೆತುಂಬ ಸೆರಗು ಹೊದ್ದು, ಅವಳ ಕಿಟಕಿಯ ಹೊರಗೆ ನಿಂತೆ. ನನ್ನ ತರಗತಿಯಲ್ಲಿ ಅತ್ತೆ ಸೊಸೆ ಒಟ್ಟಿಗೇ ಕೂರುತ್ತಿದ್ದರು. ಅತ್ತೆಯೆದುರು ತಪ್ಪು ಓದಲು ಹೆದರಿ ಸೊಸೆ ಬಾಯಿಯೇ ಬಿಡುತ್ತಿರಲಿಲ್ಲ. ಇವಳು ಪ್ರತಿ ಅತ್ತೆಯ ಪಕ್ಕ ಬೇರೆ ಮನೆಯ ಸೊಸೆಯನ್ನು ಕೂರಿಸಿದ್ದಳು. ತಪ್ಪಿದಾಗಲೆಲ್ಲ ಇಬ್ಬರೂ ನಕ್ಕು ಮತ್ತೆ ಓದುತ್ತಿದ್ದರು. ಇಷ್ಟು ಸಣ್ಣ ವಿಷಯ ನನಗೇಕೆ ಹೊಳೆಯಲಿಲ್ಲವೆಂದು ಹಲ್ಲು ಕಡಿದೆ. ಊರಿಗೆ ಬಂದು, ನನ್ನದೇ ಉಪಾಯವೆಂಬಂತೆ ನಾನೂ ಹಾಗೆಯೇ ಕೂರಿಸಿದೆ. ಹೋದವರು ಒಬ್ಬೊಬ್ಬರಾಗಿ ಮರಳಿದರು.

ಒಂದು ಸಂಜೆ ತನ್ನ ತರಗತಿಗೆ ರಜೆ ಕೊಟ್ಟು ಅವಳೇ ಬಂದಳು. ಎಲ್ಲರೆದುರು ಮುಂದಿನ ಚಾಪೆಯಲ್ಲಿ ಕೂತು, "ಲೆಕ್ಕ ನೀವು ಚೆಂದಾಗಿ ಹೇಳ್ಕೊಡ್ತೀರಂತೆ ಮೇಡಂ. ನಂಗೆ ಹಂಗೆ ಬರಕಿಲ್ಲ, ಒಸಿ ಕಲ್ತ್ಕೊಂಡು ಹೋಗಾನ ಅಂತ ಬಂದೆ" ಎಂದಳು.

ನಾನು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿಕೊಂಡೆ. ಹಾಗೆ ಬಂದು ಕೂರುವುದು ನನಗೆ ಈ ಜನ್ಮದಲ್ಲಿ ಆಗದು. ಅವಳ ತುಂಬಿದ ತರಗತಿಗಿಂತ ಅದಕ್ಕೇ ನನ್ನ ಹೊಟ್ಟೆ ಹೆಚ್ಚು ಉರಿಯಿತು.